ಆಟ ಮುಗ್ಗರಿಸುತ್ತಿದೆಯೇ? ಕಂಪ್ಯೂಟರ್‌ನ ಯಾವ ಭಾಗ ಬದಲಿಸಬೇಕೆಂದು ಲಕ್ಷಣ ನೋಡಿ ತಿಳಿಯುವ ಬಗೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಮಾತಿದೆ. ಆಟ ನಿಧಾನವಾಯಿತು ಎಂದ ಕೂಡಲೇ ಹೊಸ ಗ್ರಾಫಿಕ್ಸ್ ಕಾರ್ಡ್ ಕೊಂಡು ತಂದರೆ ಎಷ್ಟೋ ಸಲ ಹಾಗೆಯೇ ಆಗುತ್ತದೆ. ನನ್ನ ಚಿಕ್ಕಪ್ಪನ ಮಗ ತಿಂಗಳುಗಟ್ಟಲೆ ಹಣ ಕೂಡಿಟ್ಟು ಹೊಸ ಕಾರ್ಡ್ ಹಾಕಿಸಿಕೊಂಡ. ಮರುದಿನವೇ ಫೋನ್ ಬಂತು: "ಅಣ್ಣಾ, ಏನೂ ವ್ಯತ್ಯಾಸವಿಲ್ಲ. ಜನ ಸೇರಿದ ಕಡೆ ಹೋದರೆ ಮೊದಲಿನಂತೆಯೇ ಮುಗ್ಗರಿಸುತ್ತದೆ. ಕಾರ್ಡೇ ಕೆಟ್ಟಿರಬೇಕು."

ಕಾರ್ಡ್ ಕೆಟ್ಟಿರಲಿಲ್ಲ. ಅದು ತನ್ನ ಸಾಮರ್ಥ್ಯದ ಅರ್ಧದಷ್ಟು ಮಾತ್ರ ದುಡಿದು, ಉಳಿದ ಹೊತ್ತು ಪ್ರೊಸೆಸರ್‌ಗಾಗಿ ಕಾಯುತ್ತಿತ್ತು. ಪ್ರೊಸೆಸರ್ ರ‍್ಯಾಮ್‌ಗಾಗಿ ಕಾಯುತ್ತಿತ್ತು. ಕ್ಯಾಬಿನೆಟ್‌ನ ಬದಿಯ ಹಲಗೆ ಬಿಚ್ಚಿ ನೋಡಿದರೆ ನಾಲ್ಕು ಸ್ಲಾಟ್‌ಗಳಲ್ಲಿ ಒಂದೇ ಒಂದು ರ‍್ಯಾಮ್ ಇತ್ತು. ಅದೂ 3200ರ ವೇಗಕ್ಕೆಂದು ತಯಾರಾಗಿ 2133ರಲ್ಲಿ ಓಡುತ್ತಿತ್ತು. ಅಂಥದ್ದೇ ಇನ್ನೊಂದು ರ‍್ಯಾಮ್ ಸೇರಿಸಿ, ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ಸ್‌ನಲ್ಲಿ) ಒಂದು ಆಯ್ಕೆ ಬದಲಿಸಿದ ಮೇಲೆ ಅದೇ ಬೀದಿಯಲ್ಲಿ ಅದೇ ಜನಸಂದಣಿಯ ನಡುವೆ ಅವನು ಸರಾಗವಾಗಿ ಓಡಾಡಿದ. ಆ ಕಾರ್ಡಿನ ಹಣ ಆಗ ಅವನ ಕೈಯಲ್ಲಿ ಉಳಿದಿರಲಿಲ್ಲ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ. ಮೊದಲೇ ಕೇಳಿದ್ದರೆ ಕಾಲು ಗಂಟೆಯಲ್ಲಿ ಹೇಳಬಹುದಿತ್ತು.

ಆದ್ದರಿಂದ ಈ ಬರಹದುದ್ದಕ್ಕೂ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಹೋಗುತ್ತೇನೆ: ಈ ಯಂತ್ರದಲ್ಲಿ ಯಾವ ಭಾಗ ಯಾವುದಕ್ಕಾಗಿ ಕಾಯುತ್ತಿದೆ? ಕಾಯಿಸುತ್ತಿರುವ ಭಾಗವನ್ನು ಬದಲಿಸಿದರೆ ಆಟ ಸರಾಗವಾಗುತ್ತದೆ. ಕಾಯುತ್ತಿರುವ ಭಾಗವನ್ನು ಬದಲಿಸಿದರೆ ಹೊಸದೂ ಹಳೆಯದರಂತೆ ಕಾಯುತ್ತಾ ಕೂರುತ್ತದೆ.

## ಅಳೆಯದೆ ಸ್ಕ್ರೂಡ್ರೈವರ್ ಹಿಡಿಯಬೇಡಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರ ಪರ್ಫಾರ್ಮೆನ್ಸ್ ಪುಟ ಮೊದಲ ಅಂದಾಜಿಗೆ ಸಾಕು. ಆಡುತ್ತಿರುವಾಗಲೇ ಪರದೆಯ ಮೂಲೆಯಲ್ಲಿ ಅಂಕಿಗಳು ಕಾಣಬೇಕಾದರೆ ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರ ಜೊತೆಗೇ ಬರುವ ರಿವಾಟ್ಯೂನರ್ ಉಚಿತವಾಗಿ ಸಿಗುತ್ತವೆ. ಲಿನಕ್ಸ್ ಬಳಸುವವರಿಗೆ ಮ್ಯಾಂಗೊಹಡ್ ಇದೆ. ಗ್ರಾಫಿಕ್ಸ್ ಕಾರ್ಡಿನ ಬಳಕೆ, ಪ್ರೊಸೆಸರ್‌ನ ಪ್ರತಿಯೊಂದು ಥ್ರೆಡ್‌ನ (ಅದರೊಳಗೆ ಏಕಕಾಲಕ್ಕೆ ನಡೆಯುವ ಕೆಲಸದ ಒಂದೊಂದು ಸಾಲಿನ) ಬಳಕೆ, ಕಾರ್ಡಿನ ಸ್ವಂತ ವಿಡಿಯೊ ಮೆಮೊರಿ, ರ‍್ಯಾಮ್, ಎರಡೂ ಚಿಪ್‌ಗಳ ಉಷ್ಣಾಂಶ ಮತ್ತು ಕ್ಲಾಕ್ ವೇಗ (ಚಿಪ್ ದುಡಿಯುವ ವೇಗ), ಫ್ರೇಮ್ ಟೈಮ್‌ನ ಗೆರೆ, ಇಷ್ಟನ್ನೂ ತೋರಿಸುವಂತೆ ಹೊಂದಿಸಿಕೊಳ್ಳಿ.

ಇವುಗಳಲ್ಲಿ ಜನ ಕಡೆಗಣಿಸುವುದು ಕೊನೆಯದನ್ನೇ. ಫ್ರೇಮ್ ಎಂದರೆ ಪರದೆಯ ಮೇಲೆ ಮೂಡುವ ಒಂದು ಚಿತ್ರ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದು ಫ್ರೇಮ್ ತಯಾರಾಗಲು 16.7 ಮಿಲಿಸೆಕೆಂಡ್ ಸಮಯವಿದೆ ಎಂದರ್ಥ. 144 ಆದರೆ 7 ಮಿಲಿಸೆಕೆಂಡ್‌ಗೂ ತುಸು ಕಡಿಮೆ. ಉಳಿದೆಲ್ಲ ಫ್ರೇಮ್‌ಗಳು ಸಮಯಕ್ಕೆ ಸರಿಯಾಗಿ ಬಂದು ಒಂದು ಮಾತ್ರ 100 ಮಿಲಿಸೆಕೆಂಡ್ ತೆಗೆದುಕೊಂಡರೆ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಕಣ್ಣಿಗೆ ಮಾತ್ರ ಕಾಲಡಿ ಕಲ್ಲು ಸಿಕ್ಕಂತಾಗುತ್ತದೆ. ಫ್ರೇಮ್ ಟೈಮ್‌ನ ಗೆರೆ ನೆಟ್ಟಗಿದ್ದರೆ ಆಟ ಸರಾಗ. ಅದರಲ್ಲಿ ಮುಳ್ಳುಗಳು ಎದ್ದಿದ್ದರೆ ಸರಾಸರಿ ಎಷ್ಟೇ ಇದ್ದರೂ ಆಟ ತಡವರಿಸುತ್ತದೆ.

ಆಟದಲ್ಲಿ ಒಂದು ಜಾಗ ಆರಿಸಿಕೊಳ್ಳಿ. ನಿಮಗೆ ತೊಂದರೆ ಕೊಡುವ ಜಾಗವೇ ಆಗಲಿ. ಅಲ್ಲಿ ಒಂದೇ ದಾರಿಯಲ್ಲಿ ಐದು ನಿಮಿಷ ಓಡಾಡಿ, ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದಿಡಿ. ಮುಂದಿನ ಪ್ರತಿ ಹೆಜ್ಜೆಯ ನಂತರವೂ ಅದೇ ಜಾಗ, ಅದೇ ದಾರಿ, ಅದೇ ಐದು ನಿಮಿಷ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂಬುದು ತಿಳಿಯುವುದಿಲ್ಲ.

## ಯಾವ ಲಕ್ಷಣವೇ ಇರಲಿ, ಮೊದಲು ಖರ್ಚಿಲ್ಲದ ಈ ಐದು

ಮಾನಿಟರ್‌ನ ಕೇಬಲ್ ಎಲ್ಲಿಗೆ ಸಿಕ್ಕಿಸಿದೆ ಎಂದು ಬಗ್ಗಿ ನೋಡಿ. ಕಂಪ್ಯೂಟರ್‌ನ ಹಿಂಬದಿಯಲ್ಲಿ ಯುಎಸ್‌ಬಿ ಪೋರ್ಟ್‌ಗಳ ಸಾಲಿನಲ್ಲಿಯೇ ಸಿಕ್ಕಿಸಿದ್ದರೆ ಅದು ಮದರ್‌ಬೋರ್ಡಿನದು. ಅದಕ್ಕಿಂತ ಕೆಳಗೆ, ಸಾಮಾನ್ಯವಾಗಿ ಅಡ್ಡಲಾಗಿ ಇರುವ ಪೋರ್ಟ್‌ಗಳು ಗ್ರಾಫಿಕ್ಸ್ ಕಾರ್ಡಿನವು. ಕೇಬಲ್ ಅಲ್ಲಿಯೇ ಇರಬೇಕು. ಮನೆ ಬದಲಿಸಿದ ಮೇಲೆ, ಮೇಜು ಸರಿಸಿದ ಮೇಲೆ ಈ ತಪ್ಪು ನುಸುಳುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಎರಡನೆಯದು, ಮಾನಿಟರ್‌ನ ರಿಫ್ರೆಶ್ ದರ, ಅಂದರೆ ಅದು ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬುದು. 144 ಹರ್ಟ್ಸ್ ಮಾನಿಟರ್ ಕೊಂಡು ವರ್ಷಗಟ್ಟಲೆ 60ರಲ್ಲೇ ಓಡಿಸುವವರಿದ್ದಾರೆ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇ ತೆರೆದರೆ ಈಗಿನ ದರ ಕಾಣುತ್ತದೆ, ಅಲ್ಲಿಯೇ ಬದಲಿಸಲೂಬಹುದು.

ಮೂರನೆಯದು, ರ‍್ಯಾಮ್‌ನ ವೇಗ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ಎಷ್ಟು, ಎಷ್ಟು ಸ್ಲಾಟ್‌ಗಳು ತುಂಬಿವೆ ಎಂಬುದು ಬರೆದಿರುತ್ತದೆ. ರ‍್ಯಾಮ್‌ನ ಪೆಟ್ಟಿಗೆಯ ಮೇಲೆ 3200 ಅಥವಾ 6000 ಎಂದಿದ್ದು ಇಲ್ಲಿ 2133, 2400 ಅಥವಾ 4800 ಎಂದು ಕಂಡರೆ, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆ ಆನ್ ಆಗಿಲ್ಲ ಎಂದರ್ಥ. ಆನ್ ಮಾಡಿದ ಮೇಲೆ ಯಂತ್ರ ತಡವರಿಸದೆ ಶುರುವಾಗಬೇಕು, ಒಂದು ದಿನ ನೆಮ್ಮದಿಯಾಗಿ ಓಡಬೇಕು. ಇಲ್ಲವಾದರೆ ಒಂದು ಹಂತ ಕಡಿಮೆ ವೇಗಕ್ಕೆ ಇಳಿಸಿ.

ಉಳಿದೆರಡನ್ನು ಬೇಗ ಹೇಳಿ ಮುಗಿಸುತ್ತೇನೆ: ಪವರ್ ಮೋಡ್ ಉಳಿತಾಯದಲ್ಲಿದೆಯೇ ನೋಡಿ, ಗ್ರಾಫಿಕ್ಸ್ ಡ್ರೈವರ್ ಹಳೆಯದಾಗಿದ್ದರೆ ಹೊಸದು ಹಾಕಿ. ತದ್ವಿರುದ್ಧವಾಗಿ, ಹೊಸ ಡ್ರೈವರ್ ಹಾಕಿದ ದಿನದಿಂದಲೇ ತೊಂದರೆ ಶುರುವಾಗಿದ್ದರೆ ಹಿಂದಿನ ಆವೃತ್ತಿಗೆ ಮರಳಿ. ಹಿನ್ನೆಲೆಯಲ್ಲಿ ನಡೆಯುವ ರೆಕಾರ್ಡಿಂಗ್, ಹತ್ತಾರು ಟ್ಯಾಬ್‌ಗಳ ಬ್ರೌಸರ್, ವೈರಸ್ ತಪಾಸಣೆ ಇವನ್ನು ಪರೀಕ್ಷೆಯ ಹೊತ್ತಿಗಾದರೂ ಮುಚ್ಚಿ.

## ಲಕ್ಷಣ: ಫ್ರೇಮ್ ಸಂಖ್ಯೆ ಒಂದೇ ಅಂಕಿಗೆ ಅಂಟಿಕೊಂಡಿದೆ

30, 60, 144. ಇಂಥ ದುಂಡು ಸಂಖ್ಯೆಗಿಂತ ಒಂದು ಫ್ರೇಮ್ ಕೂಡ ಮೇಲೇರುವುದಿಲ್ಲ, ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಆರಾಮವಾಗಿವೆ. ಇದು ಯಾವ ಭಾಗದ ದೋಷವೂ ಅಲ್ಲ, ಎಲ್ಲೋ ಮಿತಿ ಹಾಕಿದೆ. ಆಟದೊಳಗಿನ ವಿ-ಸಿಂಕ್ (ಫ್ರೇಮ್‌ಗಳನ್ನು ಪರದೆಯ ತಾಳಕ್ಕೆ ಹೊಂದಿಸುವ ಆಯ್ಕೆ), ಆಟದ ಫ್ರೇಮ್ ಮಿತಿ, ಡ್ರೈವರ್‌ನ ಫ್ರೇಮ್ ಮಿತಿ ಈ ಮೂರೂ ಕಡೆ ನೋಡಿ. 60 ಹರ್ಟ್ಸ್ ಮಾನಿಟರ್‌ನಲ್ಲಿ ಫ್ರೇಮ್ ಸಂಖ್ಯೆ 60ರಿಂದ ನೇರ 30ಕ್ಕೆ ಬಿದ್ದು ಮತ್ತೆ 60ಕ್ಕೆ ಏರುತ್ತಿದ್ದರೆ ಅದು ವಿ-ಸಿಂಕ್‌ನ ಗುರುತು. ಕಾರ್ಡ್ 58 ಫ್ರೇಮ್ ಕೊಡಬಲ್ಲದಾದರೂ ಪರದೆಯ ತಾಳಕ್ಕೆ ಹೊಂದಲಾರದೆ ಅರ್ಧಕ್ಕೆ ಇಳಿಯುತ್ತದೆ. ಪರೀಕ್ಷೆ ಮುಗಿಯುವವರೆಗೆ ಇವೆಲ್ಲವನ್ನೂ ತೆಗೆದಿಡಿ. ಇಲ್ಲವಾದರೆ ಮುಂದಿನ ಯಾವ ಅಂಕಿಯನ್ನೂ ನಂಬುವಂತಿಲ್ಲ.

## ಲಕ್ಷಣ: ಎಲ್ಲ ಕಡೆಯೂ ಒಂದೇ ಸಮನೆ ನಿಧಾನ

ಬಯಲಿನಲ್ಲಿ ನಿಂತರೂ ನಿಧಾನ, ಮನೆಯೊಳಗೆ ಹೋದರೂ ನಿಧಾನ. ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇ 97, 98, 99ರಲ್ಲಿಯೇ ನಿಂತಿದೆ. ಇಲ್ಲಿ ಕಾಯಿಸುತ್ತಿರುವುದು ಗ್ರಾಫಿಕ್ಸ್ ಕಾರ್ಡ್. ಶೇ 99 ಎಂದು ಕಂಡು ಗಾಬರಿಯಾಗುವ ಅಗತ್ಯವಿಲ್ಲ, ಆಟದಲ್ಲಿ ಕಾರ್ಡ್ ಪೂರ್ತಿ ದುಡಿಯುವುದೇ ಸರಿಯಾದ ಸ್ಥಿತಿ. ಆದರೆ ಅಷ್ಟು ದುಡಿದೂ ನಿಮಗೆ ಬೇಕಾದಷ್ಟು ಫ್ರೇಮ್ ಬರುತ್ತಿಲ್ಲವೆಂದರೆ ಬದಲಿಸಬೇಕಾದ್ದು ಅದನ್ನೇ.

ಖಚಿತ ಮಾಡಿಕೊಳ್ಳಲು ರೆಸಲ್ಯೂಶನ್ ಇಳಿಸಿ ನೋಡಿ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳಿವೆ. 720ಪಿ ಆದರೆ 9.2 ಲಕ್ಷ. ಇಳಿಸಿದಾಗ ಕಾರ್ಡಿನ ಕೆಲಸ ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಪ್ರೊಸೆಸರ್‌ನ ಕೆಲಸ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಫ್ರೇಮ್‌ಗಳು ಜಿಗಿದು ಏರಿದರೆ ಕಾಯಿಸುತ್ತಿದ್ದುದು ಕಾರ್ಡ್. ಕದಲದೆ ಅಲ್ಲೇ ನಿಂತರೆ ಕಾಯಿಸುತ್ತಿದ್ದುದು ಪ್ರೊಸೆಸರ್ ಅಥವಾ ರ‍್ಯಾಮ್. ಐದು ನಿಮಿಷದ ಕೆಲಸ, ಖರ್ಚು ಸೊನ್ನೆ.

ಕಾರ್ಡೇ ಎಂದು ತಿಳಿದ ಮೇಲೂ ಕೊಳ್ಳುವ ಮುನ್ನ ಆಟದ ಸೆಟ್ಟಿಂಗ್ಸ್‌ನಲ್ಲಿ ಮೂರು ಬದಲಾವಣೆ ಮಾಡಿ ನೋಡಿ. ಬೆಳಕಿನ ದಾರಿಯನ್ನು ಲೆಕ್ಕ ಹಾಕುವ ರೇ ಟ್ರೇಸಿಂಗ್ ತೆಗೆಯಿರಿ. ನೆರಳಿನ ಗುಣಮಟ್ಟವನ್ನು ಒಂದು ಹಂತ ಇಳಿಸಿ. ಡಿಎಲ್‌ಎಸ್‌ಎಸ್, ಎಫ್‌ಎಸ್‌ಆರ್ ಅಥವಾ ಎಕ್ಸ್‌ಇಎಸ್‌ಎಸ್ ಇದ್ದರೆ ಅದನ್ನು ಕ್ವಾಲಿಟಿ ಹಂತದಲ್ಲಿಡಿ. ಇವು ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ಆಮೇಲೆ ಹಿಗ್ಗಿಸುವುದರಿಂದ ಕಾರ್ಡಿನ ಹೊರೆ ಇಳಿಯುತ್ತದೆ. ಫ್ರೇಮ್ ಜನರೇಶನ್ ಬೇರೆಯದೇ ಸಂಗತಿ. ಅದು ನಡುವೆ ಹೊಸ ಫ್ರೇಮ್‌ಗಳನ್ನು ಸೇರಿಸಿ ಸಂಖ್ಯೆ ಏರಿಸುತ್ತದೆ, ಆದರೆ ಮೌಸ್ ಒತ್ತಿದ್ದಕ್ಕೆ ಪರದೆ ಓಗೊಡುವ ವೇಗ ಹೆಚ್ಚುವುದಿಲ್ಲ. ಮೂಲದಲ್ಲಿ 30 ಫ್ರೇಮ್ ಇದ್ದ ಆಟ ಅದರಿಂದ 60 ಎಂದು ತೋರಿಸಿದರೂ ಕೈಗೆ 30ರಂತೆಯೇ ಭಾರವೆನಿಸುತ್ತದೆ.

ಹೊಸ ಕಾರ್ಡಿನ ಕಡೆ ಕೈ ಚಾಚುವಾಗ ಅದರ ಉದ್ದ, ದಪ್ಪ ಮತ್ತು ಬೇಡುವ ವಿದ್ಯುತ್ ಮೂರನ್ನೂ ನೋಡಿ. ಕ್ಯಾಬಿನೆಟ್‌ನ ಒಳಗೆ ಅಳತೆ ಟೇಪು ಹಿಡಿದೇ ನೋಡಿ. ಮದರ್‌ಬೋರ್ಡ್ ಹಳೆಯದಾಗಿದ್ದರೆ ಇನ್ನೊಂದು ಸೂಕ್ಷ್ಮವಿದೆ: ಅಗ್ಗದ ಕೆಲವು ಕಾರ್ಡ್‌ಗಳು ತಾವು ಕೂರುವ ಪಿಸಿಐಇ ಸ್ಲಾಟ್‌ನ ಹದಿನಾರು ಲೇನ್‌ಗಳಲ್ಲಿ (ದತ್ತಾಂಶ ಓಡಾಡುವ ಹಾದಿಗಳಲ್ಲಿ) ಎಲ್ಲವನ್ನೂ ಬಳಸುವುದಿಲ್ಲ. ಎಎಂಡಿ ಕಂಪನಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ನಾಲ್ಕನ್ನೇ. ಮೂರನೆಯ ತಲೆಮಾರಿನ ಪಿಸಿಐಇ ಬೋರ್ಡಿಗೆ ಅದನ್ನು ಹಾಕಿದರೆ ಆ ನಾಲ್ಕರ ವೇಗವೂ ಅರ್ಧವಾಗಿ, ಮೊದಲೇ 4 ಜಿಬಿ ಮೆಮೊರಿ ಮಾತ್ರ ಇರುವ ಕಾರ್ಡ್ ಇನ್ನಷ್ಟು ಸೊರಗುತ್ತದೆ.

## ಲಕ್ಷಣ: ಜನಸಂದಣಿಯಲ್ಲಿ, ದೊಡ್ಡ ಕಾಳಗದಲ್ಲಿ ಮಾತ್ರ ಕುಸಿಯುತ್ತದೆ

ಖಾಲಿ ಬಯಲಿನಲ್ಲಿ ಹಾಯಾಗಿ ಓಡುವ ಆಟ ಪೇಟೆಯೊಳಗೆ ಕಾಲಿಟ್ಟ ಕೂಡಲೇ ಕುಸಿಯುತ್ತದೆ. ನಗರ ಕಟ್ಟುವ ಆಟವಾದರೆ ಮೊದಲೆಲ್ಲ ಚೆನ್ನಾಗಿದ್ದು, ಜನಸಂಖ್ಯೆ ಬೆಳೆದಂತೆ ನಿಧಾನವಾಗುತ್ತದೆ. ಆ ಹೊತ್ತಿಗೆ ಗ್ರಾಫಿಕ್ಸ್ ಕಾರ್ಡಿನ ಬಳಕೆ ಶೇ 50, 60ಕ್ಕೆ ಇಳಿದಿರುತ್ತದೆ. ನನ್ನ ಚಿಕ್ಕಪ್ಪನ ಮಗನ ಯಂತ್ರದಲ್ಲಿ ಕಂಡದ್ದು ಇದೇ. ಪ್ರತಿಯೊಂದು ಪಾತ್ರದ ನಡಿಗೆ, ಪ್ರತಿ ಡಿಕ್ಕಿಯ ಲೆಕ್ಕ, ಕಾರ್ಡಿಗೆ "ಇದನ್ನು ಬಿಡಿಸು" ಎಂದು ಹೇಳುವ ಆಜ್ಞೆ ಎಲ್ಲವೂ ಹೊರಡುವುದು ಪ್ರೊಸೆಸರ್‌ನಿಂದ. ಅಲ್ಲಿಂದ ಆಜ್ಞೆ ಬರುವವರೆಗೆ ಕಾರ್ಡ್ ಕೈಕಟ್ಟಿ ನಿಂತಿರುತ್ತದೆ.

ಇಲ್ಲಿ ಬಹಳ ಜನ ಒಂದು ಅಂಕಿ ನೋಡಿ ದಾರಿ ತಪ್ಪುತ್ತಾರೆ. "ಪ್ರೊಸೆಸರ್ ಶೇ 35 ಮಾತ್ರ ಬಳಕೆಯಾಗುತ್ತಿದೆ, ಹಾಗಾದರೆ ಅದರದ್ದೇನೂ ತಪ್ಪಿಲ್ಲ" ಎನ್ನುತ್ತಾರೆ. ಆ ಶೇ 35 ಎಲ್ಲ ಥ್ರೆಡ್‌ಗಳ ಸರಾಸರಿ. 12 ಥ್ರೆಡ್‌ಗಳ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಉಸಿರುಗಟ್ಟಿ ದುಡಿಯುತ್ತಿದ್ದರೂ ಒಟ್ಟು ಲೆಕ್ಕದಲ್ಲಿ ಅದು ಶೇ 8ರಷ್ಟೇ. ಆಟಗಳ ಮುಖ್ಯ ಕೆಲಸ ಸಾಮಾನ್ಯವಾಗಿ ಒಂದೆರಡು ಥ್ರೆಡ್‌ಗಳ ಮೇಲೆಯೇ ಬೀಳುತ್ತದೆ. ಟಾಸ್ಕ್ ಮ್ಯಾನೇಜರ್‌ನ ಪ್ರೊಸೆಸರ್ ನಕ್ಷೆಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಒಂದೊಂದು ಥ್ರೆಡ್‌ಗೆ ಒಂದೊಂದು ನಕ್ಷೆ ಬರುವಂತೆ ಬದಲಿಸಿ. ಆದರೂ ಕೆಲಸ ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ಹಾರುತ್ತಿರುವುದರಿಂದ ಇದೂ ಪೂರ್ತಿ ಸ್ಪಷ್ಟವಾಗಿ ಕಾಣದಿರಬಹುದು. ಅದಕ್ಕೇ ನಾನು ಕಾರ್ಡಿನ ಬಳಕೆಯನ್ನೇ ನಂಬುತ್ತೇನೆ: ಫ್ರೇಮ್ ಮಿತಿ ಇಲ್ಲದಿದ್ದೂ ಕಾರ್ಡ್ ಬಿಡುವಾಗಿದೆ ಎಂದರೆ ಅದನ್ನು ಯಾರೋ ಕಾಯಿಸುತ್ತಿದ್ದಾರೆ.

ಪರಿಹಾರದಲ್ಲೂ ಅಗ್ಗದ್ದರಿಂದಲೇ ಹೊರಡಿ. ಆಟದಲ್ಲಿ ಜನಸಂದಣಿ, ನೋಟದ ದೂರ ಇವನ್ನು ಇಳಿಸಿದರೆ ಪ್ರೊಸೆಸರ್‌ಗೆ ಬಿಡುವು ಸಿಗುತ್ತದೆ. ರೆಸಲ್ಯೂಶನ್ ಇಳಿಸಿ ಇಲ್ಲಿ ಉಪಯೋಗವಿಲ್ಲ, ಡಿಎಲ್‌ಎಸ್‌ಎಸ್‌ನಿಂದಲೂ ಇಲ್ಲ. ಆಮೇಲೆ ರ‍್ಯಾಮ್. ಒಂದೇ ರ‍್ಯಾಮ್ ಇದ್ದರೆ ಪ್ರೊಸೆಸರ್‌ಗೆ ಒಂದೇ ಹಾದಿ. ಡಿಡಿಆರ್4 ತಲೆಮಾರಿನ 3200ರ ರ‍್ಯಾಮ್ ಆದರೆ ಸೆಕೆಂಡಿಗೆ ಗರಿಷ್ಠ 25.6 ಜಿಬಿ. ಸಮಾನವಾದ ಎರಡನ್ನು ಸರಿಯಾದ ಸ್ಲಾಟ್‌ಗಳಲ್ಲಿ ಹಾಕಿದರೆ ಎರಡು ಹಾದಿ, 51.2 ಜಿಬಿ. ನಾಲ್ಕು ಸ್ಲಾಟ್‌ಗಳ ಬೋರ್ಡ್‌ಗಳಲ್ಲಿ ಬಹುತೇಕ ಪ್ರೊಸೆಸರ್‌ನಿಂದ ಎಣಿಸಿದಾಗ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗಳು ಸರಿಯಾದ ಜೋಡಿ. ಬೋರ್ಡಿನ ಕೈಪಿಡಿಯಲ್ಲಿ ಚಿತ್ರಸಮೇತ ಇರುತ್ತದೆ. ಸಾಧ್ಯವಾದಷ್ಟೂ ಒಂದೇ ಪೆಟ್ಟಿಗೆಯಲ್ಲಿ ಬರುವ ಜೋಡಿಯನ್ನೇ ಕೊಳ್ಳಿ. ಡಿಡಿಆರ್4 ಸ್ಲಾಟ್‌ಗೆ ಡಿಡಿಆರ್5 ಕೂರುವುದಿಲ್ಲ. ಕಚ್ಚಿನ ಜಾಗವೇ ಬೇರೆ, ಒತ್ತಿ ಕೂರಿಸಲು ಹೋಗಬೇಡಿ.

ಇಷ್ಟಾದರೂ ಕಾರ್ಡ್ ಕಾಯುತ್ತಲೇ ಇದ್ದರೆ ಪ್ರೊಸೆಸರ್ ಬದಲಿಸುವ ಮಾತು. ಮೊದಲು ಮದರ್‌ಬೋರ್ಡಿನ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಯಾವುದು ಎಂದು ತಿಳಿಯಿರಿ, ಏಕೆಂದರೆ ಇಡೀ ಬೋರ್ಡ್ ಬದಲಿಸುವುದೋ ಚಿಪ್ ಒಂದನ್ನೇ ಬದಲಿಸುವುದೋ ಎಂಬುದು ಅದರ ಮೇಲೆಯೇ ನಿಂತಿದೆ. ಎಎಂಡಿಯ 2017ರ ರೈಸನ್ ಪ್ರೊಸೆಸರ್‌ನ ಎಎಂ4 ಬೋರ್ಡ್ ಇಟ್ಟುಕೊಂಡವರಿಗೆ ಇದರಲ್ಲಿ ಅದೃಷ್ಟವಿದೆ. 2022ರಲ್ಲಿ ಬಂದ ರೈಸನ್ 7 5800ಎಕ್ಸ್3ಡಿ ಕೂಡ ಅದೇ ಸಾಕೆಟ್‌ನದು, ಹಲವು ಹಳೆಯ ಬೋರ್ಡ್‌ಗಳು ಬಯೋಸ್ ನವೀಕರಿಸಿದರೆ ಅದನ್ನು ಒಪ್ಪಿಕೊಳ್ಳುತ್ತವೆ. ಅದರಲ್ಲಿರುವ 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗಿನ ವೇಗದ ಮೆಮೊರಿ) ಆಟಗಳಿಗೆ ಚೆನ್ನಾಗಿ ಒಗ್ಗುತ್ತದೆ, ಪ್ರೊಸೆಸರ್ ಪದೇಪದೇ ರ‍್ಯಾಮ್‌ನ ಬಾಗಿಲಿಗೆ ಹೋಗಿ ಕಾಯುವುದು ಕಡಿಮೆಯಾಗುತ್ತದೆ. ಇಂಟೆಲ್‌ನಲ್ಲಿ ಎಲ್‌ಜಿಎ 1700 ಸಾಕೆಟ್ 12, 13 ಮತ್ತು 14ನೆಯ ತಲೆಮಾರುಗಳಿಗೆ ಹೊಂದುತ್ತದೆ. ಎಲ್‌ಜಿಎ 1200 ಆದರೆ 10 ಮತ್ತು 11ಕ್ಕೆ. ಹೊಸ ಚಿಪ್ ಹಾಕುವ ಮುನ್ನ, ಹಳೆಯದು ಇನ್ನೂ ಜಾಗದಲ್ಲಿರುವಾಗಲೇ, ಬಯೋಸ್ ನವೀಕರಿಸಿ. ಆಮೇಲೆ ಮಾಡುತ್ತೇನೆಂದರೆ ಪರದೆಯೇ ಬರದಿರಬಹುದು. ನವೀಕರಣ ನಡೆಯುವಾಗ ವಿದ್ಯುತ್ ಹೋಗಬಾರದು. ಯುಪಿಎಸ್ ಇದ್ದರೆ ಅದರ ಮೇಲೆಯೇ ಮಾಡಿ.

## ಲಕ್ಷಣ: ಸರಾಸರಿ ಚೆನ್ನಾಗಿದೆ, ಆದರೆ ಆಗಾಗ ಗಕ್ಕನೆ ನಿಂತು ಓಡುತ್ತದೆ

ಇದಕ್ಕೆ ಕಾರಣ ಒಂದಲ್ಲ. ಗಕ್ಕನೆ ನಿಂತದ್ದು ಯಾವಾಗ ಎಂಬುದೇ ಸುಳಿವು.

ಹೊಸ ಜಾಗಕ್ಕೆ ಮೊದಲ ಸಲ ಹೋದಾಗ, ಹೊಸ ಆಯುಧ ಮೊದಲ ಸಲ ಸಿಡಿದಾಗ ಮುಗ್ಗರಿಸಿ, ಎರಡನೆಯ ಸಲ ಅದೇ ಜಾಗದಲ್ಲಿ ಸರಾಗವಾದರೆ ಅದು ಶೇಡರ್‌ಗಳು (ಬೆಳಕು, ಬಣ್ಣ ಬಿಡಿಸುವ ಬಗೆಯನ್ನು ಕಾರ್ಡಿಗೆ ಹೇಳುವ ಪುಟ್ಟ ಪ್ರೋಗ್ರಾಂಗಳು) ಆಗಷ್ಟೇ ತಯಾರಾಗುತ್ತಿರುವುದರ ಫಲ. ಡೈರೆಕ್ಟ್‌ಎಕ್ಸ್ 12ರ ಎಷ್ಟೋ ಆಟಗಳಲ್ಲಿ, ಅದರಲ್ಲೂ ಅನ್‌ರಿಯಲ್ ಎಂಜಿನ್‌ನವುಗಳಲ್ಲಿ ಇದು ಸಾಮಾನ್ಯ. ದಯವಿಟ್ಟು ಇದಕ್ಕಾಗಿ ಏನನ್ನೂ ಕೊಳ್ಳಬೇಡಿ. ಆಟ ಶುರುವಾಗುವಾಗ ಶೇಡರ್ ಸಿದ್ಧಪಡಿಸುತ್ತಿದ್ದೇನೆ ಎಂದು ತೋರಿಸಿದರೆ ಅದನ್ನು ಮುಗಿಯಲು ಬಿಡಿ. ಡ್ರೈವರ್ ಬದಲಿಸಿದ ಮೇಲೆ ಈ ಕೆಲಸ ಮತ್ತೆ ಮೊದಲಿನಿಂದ ನಡೆಯುತ್ತದೆ.

ತಲೆ ತಿರುಗಿಸಿದಾಗ, ಬಾಗಿಲು ದಾಟಿದಾಗ ಮುಗ್ಗರಿಸಿ, ಗೋಡೆಯ ಮೇಲಿನ ಚಿತ್ರಗಳು ಕೆಲಹೊತ್ತು ಮಸುಕಾಗಿಯೇ ಉಳಿಯುತ್ತಿದ್ದರೆ ವಿಡಿಯೊ ಮೆಮೊರಿಯ ಅಂಕಿ ನೋಡಿ. 8 ಜಿಬಿ ಕಾರ್ಡಿನಲ್ಲಿ ಅದು 8ರ ಅಂಚಿಗೇ ತಗಲಿ ನಿಂತಿದ್ದರೆ, ಜಾಗ ಸಾಲದ ದತ್ತಾಂಶ ಪಿಸಿಐಇ ಹಾದಿಯಲ್ಲಿ ರ‍್ಯಾಮ್‌ಗೆ ಹೋಗಿ ಬರುತ್ತಿದೆ. ಕಾರ್ಡಿನ ಸ್ವಂತ ಮೆಮೊರಿ ಸೆಕೆಂಡಿಗೆ ನೂರಾರು ಜಿಬಿ ವೇಗದಲ್ಲಿ ಓಡಿದರೆ ಮೂರನೆಯ ತಲೆಮಾರಿನ ಪಿಸಿಐಇ ಪೂರ್ತಿ ಹದಿನಾರು ಲೇನ್‌ಗಳಲ್ಲೂ ಸುಮಾರು 16 ಜಿಬಿಯಷ್ಟೇ. ಟೆಕ್ಸ್ಚರ್ (ಗೋಡೆ, ನೆಲದಂಥ ಮೇಲ್ಮೈಗಳ ಚಿತ್ರ) ಗುಣಮಟ್ಟವನ್ನು ಒಂದೇ ಒಂದು ಹಂತ ಇಳಿಸಿ, ಆಟ ಮುಚ್ಚಿ ಮತ್ತೆ ತೆರೆಯಿರಿ. ಮುಗ್ಗರಿಕೆ ಮಾಯವಾದರೆ ರೋಗ ಗೊತ್ತಾಯಿತು. ಮುಂದೆಂದಾದರೂ ಕಾರ್ಡ್ ಬದಲಿಸುವಾಗ ವೇಗಕ್ಕಿಂತ ಮೆಮೊರಿಯ ಗಾತ್ರಕ್ಕೆ ಹೆಚ್ಚು ಬೆಲೆ ಕೊಡಿ.

ವಾಹನದಲ್ಲಿ ವೇಗವಾಗಿ ಹೋಗುವಾಗ ರಸ್ತೆ ಮುಂದೆ ಮೂಡುವುದಕ್ಕಿಂತ ಮೊದಲೇ ನೀವು ಅಲ್ಲಿ ತಲುಪುತ್ತೀರಿ, ಕಟ್ಟಡಗಳು ತಡವಾಗಿ ಎದ್ದು ನಿಲ್ಲುತ್ತವೆ. ಆ ಗಳಿಗೆಯಲ್ಲಿ ಡಿಸ್ಕ್ ಬಳಕೆ ಶೇ 100. ಆಟ ಹಾರ್ಡ್ ಡಿಸ್ಕ್‌ನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಹುದು. ತಿರುಗುವ ತಟ್ಟೆಯ ಮೇಲೆ ಸೂಜಿ ಅಲ್ಲೊಮ್ಮೆ ಇಲ್ಲೊಮ್ಮೆ ಓಡಿ ಚೂರುಪಾರು ಆಯುವುದಕ್ಕೆ ಮಿಲಿಸೆಕೆಂಡ್‌ಗಟ್ಟಲೆ ಬೇಕು. ಎಸ್‌ಎಸ್‌ಡಿಗೆ ಆ ಓಡಾಟವೇ ಇಲ್ಲ. 2023ರಲ್ಲಿ ಬಂದ ಸ್ಟಾರ್‌ಫೀಲ್ಡ್ ತನ್ನ ಕನಿಷ್ಠ ಬೇಡಿಕೆಯಲ್ಲಿಯೇ ಎಸ್‌ಎಸ್‌ಡಿ ಕೇಳಿತು. ಇಲ್ಲಿ ಒಂದು ಮಾತು ಖಂಡಿತವಾಗಿ ಹೇಳುತ್ತೇನೆ: ಎಸ್‌ಎಸ್‌ಡಿ ನಿಮ್ಮ ಸರಾಸರಿ ಫ್ರೇಮ್ ಸಂಖ್ಯೆ ಏರಿಸುವುದಿಲ್ಲ. ಅದು ಕಾಯುವ ಹೊತ್ತು ಮತ್ತು ಈ ಬಗೆಯ ಮುಗ್ಗರಿಕೆಯನ್ನು ಕಳೆಯುತ್ತದೆ. ಈಗಾಗಲೇ ಸಾಟಾ ಎಸ್‌ಎಸ್‌ಡಿ ಇದ್ದವರು ಅದಕ್ಕಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿಗೆ ಹೋದರೆ ಬಹುಪಾಲು ಆಟಗಳಲ್ಲಿ ಕಾಣುವ ವ್ಯತ್ಯಾಸ ಚಿಕ್ಕದು.

ಇನ್ನು ರ‍್ಯಾಮ್ ತುಂಬಿಹೋಗುವುದು. 8 ಜಿಬಿ ಇದ್ದು, ಬ್ರೌಸರ್ ತೆರೆದೇ ಇಟ್ಟು ಆಡುತ್ತಿದ್ದರೆ ಬಳಕೆ ಶೇ 95 ದಾಟುತ್ತದೆ, ವಿಂಡೋಸ್ ಡಿಸ್ಕ್‌ನ ಒಂದು ಭಾಗವನ್ನೇ ರ‍್ಯಾಮ್‌ನಂತೆ ಬಳಸತೊಡಗುತ್ತದೆ. ಈಗಿನ ಆಟಗಳಿಗೆ 16 ಜಿಬಿ ಬೇಕು, 32 ಇದ್ದರೆ ನೆಮ್ಮದಿ. 32ರಲ್ಲಿ ಅರ್ಧ ಖಾಲಿ ಇದೆಯೆಂದರೆ 64ಕ್ಕೆ ಹೋಗಿ ಒಂದು ಫ್ರೇಮ್ ಕೂಡ ಗಳಿಸಲಾರಿರಿ.

## ಲಕ್ಷಣ: ಮೊದಲ ಹತ್ತು ನಿಮಿಷ ಚೆನ್ನಾಗಿದೆ, ಆಮೇಲೆ ಸೊರಗುತ್ತದೆ

ಫ್ಯಾನ್ ಗುಯ್ಗುಡುತ್ತದೆ, ಉಷ್ಣಾಂಶ ಏರುತ್ತದೆ, ಅದರ ಬೆನ್ನಿಗೇ ಕ್ಲಾಕ್ ವೇಗ ಇಳಿಯುತ್ತದೆ. ಮೂರೂ ಒಟ್ಟಿಗೆ ಕಂಡರೆ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತಿದೆ. ಇಂಟೆಲ್ ಕೋರ್‌ನ ಹೆಚ್ಚಿನ ಚಿಪ್‌ಗಳಿಗೆ ಮಿತಿ 100 ಡಿಗ್ರಿ ಸೆಲ್ಸಿಯಸ್, ರೈಸನ್ 7000 ಸರಣಿಯ ಬಹುಪಾಲು ಚಿಪ್‌ಗಳಿಗೆ 95. ಮಿತಿಯ ಹತ್ತಿರ ಹೋಯಿತೆಂದ ಮಾತ್ರಕ್ಕೆ ಹೆದರಬೇಡಿ, ವೇಗ ಇಳಿಯಿತೇ ಎಂಬುದನ್ನು ನೋಡಿ.

ಒಮ್ಮೆ ಬದಿಯ ಹಲಗೆ ತೆಗೆದು ಐದು ನಿಮಿಷದ ಪರೀಕ್ಷೆ ಮಾಡಿ. ಉಷ್ಣಾಂಶ ಎದ್ದುಕಾಣುವಷ್ಟು ಇಳಿದರೆ ಕ್ಯಾಬಿನೆಟ್‌ಗೆ ಗಾಳಿ ಸಾಲುತ್ತಿಲ್ಲ, ಒಂದು ಫ್ಯಾನ್ ಸೇರಿಸಿದರೆ ಮುಗಿಯಿತು. ಇಳಿಯದಿದ್ದರೆ ಯಂತ್ರ ಆರಿಸಿ, ಚಿಪ್‌ನ ಬಿಸಿ ಹೀರುವ ಹೀಟ್‌ಸಿಂಕ್ ನೋಡಿ. ಮೇಲಿನಿಂದ ಚೊಕ್ಕಟವಾಗಿಯೇ ಕಾಣುತ್ತದೆ. ಫ್ಯಾನ್ ಬಿಚ್ಚಿದರೆ ಅದರ ಅಡಿಯಲ್ಲಿ, ಲೋಹದ ರೆಕ್ಕೆಗಳ ತಲೆಯ ಮೇಲೆ, ಧೂಳು ಬೂದು ಕಂಬಳಿಯ ತುಂಡಿನಂತೆ ಹೆಪ್ಪುಗಟ್ಟಿರುತ್ತದೆ. ಬೆರಳಿನಲ್ಲಿ ಹಿಡಿದೆಳೆದರೆ ಹಾಳೆಯಂತೆ ಎದ್ದು ಬರುತ್ತದೆ. ಗಾಳಿ ಹಾಯಿಸಿ ಸ್ವಚ್ಛ ಮಾಡುವಾಗ ಫ್ಯಾನ್‌ನ ಎಲೆಗಳನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅಳತೆ ಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ವರ್ಷಗಳು ಕಳೆದಿದ್ದರೆ ಪ್ರೊಸೆಸರ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಹೊಸದಾಗಿ ಹಚ್ಚಿ. ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚುವುದಕ್ಕೆ ಮಾತ್ರ ಅನುಭವ ಬೇಕು. ಒಳಗಿನ ಥರ್ಮಲ್ ಪ್ಯಾಡ್‌ಗಳು ಹರಿದರೆ ಅದೇ ದಪ್ಪದವು ಬೇಕಾಗುತ್ತವೆ, ವಾರಂಟಿಗೂ ಧಕ್ಕೆಯಾಗಬಹುದು.

## ಲಕ್ಷಣ: ಆಟದ ನಡುವೆ ಇಡೀ ಯಂತ್ರವೇ ಆರಿಹೋಗುತ್ತದೆ

ಇಲ್ಲಿಂದ ಮುಂದೆ ಎಚ್ಚರ. ಎಚ್ಚರಿಕೆಯ ಪರದೆಯೂ ಇಲ್ಲದೆ, ಯಾರೋ ಪ್ಲಗ್ ಕಿತ್ತಂತೆ ಯಂತ್ರ ಆರಿದರೆ, ಅದೂ ಭಾರವಾದ ಆಟದಲ್ಲಿ ಮಾತ್ರ ಹಾಗಾದರೆ, ಮೊದಲ ಅನುಮಾನ ಪವರ್ ಸಪ್ಲೈ ಮೇಲೆ. ಎರಡನೆಯದು ಅತಿಯಾದ ಬಿಸಿ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಸಿಗುತ್ತದೆ. ಅದು ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆ ನಿಂತುಹೋಯಿತು ಎನ್ನುತ್ತದೆಯೇ ಹೊರತು ಏಕೆ ಎಂದು ಹೇಳುವುದಿಲ್ಲ.

ಗೋಡೆಯ ಸಾಕೆಟ್, ಕೇಬಲ್, ಸ್ಪೈಕ್ ಗಾರ್ಡ್ ಬಿಗಿಯಾಗಿವೆಯೇ ನೋಡಿ. ಕಾರ್ಡಿಗೆ ಹೋಗುವ ಕನೆಕ್ಟರ್‌ಗಳು ಪೂರ್ತಿ ಒಳಗೆ ಕೂತಿವೆಯೇ ನೋಡಿ. ಪಿಸಿಐಇ ಸ್ಲಾಟ್‌ನಿಂದ ಕಾರ್ಡಿಗೆ ಗರಿಷ್ಠ 75 ವ್ಯಾಟ್ ಸಿಗುತ್ತದೆ, ಆರು ಪಿನ್‌ನ ಕನೆಕ್ಟರ್‌ನಿಂದ 75, ಎಂಟು ಪಿನ್‌ನದರಿಂದ 150. ಕಾರ್ಡ್ ತಯಾರಕರು ಸೂಚಿಸಿದ ವ್ಯಾಟ್‌ಗಿಂತ ನಿಮ್ಮ ಪವರ್ ಸಪ್ಲೈ ಕಡಿಮೆಯಿದ್ದರೆ ಇನ್ನೇನನ್ನೂ ಹುಡುಕಬೇಕಿಲ್ಲ. ಹೊಸ ಕಾರ್ಡ್‌ಗಳ 16 ಪಿನ್ ಕನೆಕ್ಟರ್ ವಿಷಯದಲ್ಲಿ ಇನ್ನೂ ಹುಷಾರಾಗಿರಿ. 2022ರಲ್ಲಿ ಆರ್‌ಟಿಎಕ್ಸ್ 4090 ಬಂದ ತಿಂಗಳಲ್ಲೇ ಅದು ಕರಗಿದ ಪ್ರಕರಣಗಳು ಹೊರಬಂದವು. ಪೂರ್ತಿ ಒಳಗೆ ಕೂರದ ಕನೆಕ್ಟರ್ ಅದಕ್ಕೊಂದು ಕಾರಣವೆಂದು ಕಂಡುಬಂತು. ಅಂಚಿನಲ್ಲಿ ಸಂದು ಕಾಣದಂತೆ ನೇರ ಒತ್ತಿ ಕೂರಿಸಿ, ಕನೆಕ್ಟರ್‌ನ ಬುಡದಲ್ಲೇ ತಂತಿಯನ್ನು ಬಾಗಿಸಬೇಡಿ.

ಪವರ್ ಸಪ್ಲೈಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯ ತರುವಷ್ಟು ವಿದ್ಯುತ್ ಉಳಿದಿರಬಹುದು. ಹೊಸ ಪವರ್ ಸಪ್ಲೈ ಹಾಕುವಾಗ ಹಳೆಯದರ ಕೇಬಲ್‌ಗಳನ್ನು ಅದಕ್ಕೆ ಜೋಡಿಸಬೇಡಿ. ಕನೆಕ್ಟರ್ ಒಂದೇ ರೀತಿ ಕಂಡರೂ ತಂತಿಗಳ ಕ್ರಮ ಬೇರೆಯಿರಬಹುದು, ಒಂದೇ ಗಳಿಗೆಯಲ್ಲಿ ಡಿಸ್ಕ್, ಬೋರ್ಡ್ ಎರಡೂ ಸುಟ್ಟುಹೋಗಬಹುದು. ಸುಟ್ಟ ವಾಸನೆ, ಕಿಡಿ, ಕರಗಿದ ಪ್ಲಾಸ್ಟಿಕ್, ಮುಟ್ಟಿದರೆ ಜುಮ್ಮೆನ್ನುವ ಕ್ಯಾಬಿನೆಟ್ ಇವುಗಳಲ್ಲಿ ಒಂದು ಕಂಡರೂ ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕೀಳಿ, ಅಲ್ಲಿಗೆ ನಿಲ್ಲಿಸಿ. ಇನ್ನೊಮ್ಮೆ ಆನ್ ಮಾಡಿ ನೋಡೋಣ ಎನ್ನಬೇಡಿ. ಅದು ತಂತ್ರಜ್ಞರ ಕೆಲಸ.

ಯಂತ್ರ ಆರದೆ ಆಟ ಮಾತ್ರ ಮುಚ್ಚಿಕೊಳ್ಳುತ್ತಿದ್ದರೆ ದಾರಿ ಬೇರೆ. ಎಕ್ಸ್‌ಎಂಪಿ ತೆಗೆದು, ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚಿಸಿದ ವೇಗ) ತೆಗೆದು ನೋಡಿ, ಒಂದು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಅದರಲ್ಲಿ ಒಂದು ದೋಷ ಕಂಡರೂ ಆ ಸ್ಥಿತಿಯಲ್ಲಿ ರ‍್ಯಾಮ್ ನಂಬಿಕೆಗೆ ಅರ್ಹವಲ್ಲ. ಇಂಟೆಲ್‌ನ 13 ಮತ್ತು 14ನೆಯ ತಲೆಮಾರಿನ ಡೆಸ್ಕ್‌ಟಾಪ್ ಚಿಪ್ ಇರುವವರಿಗೆ ಒಂದು ವಿಶೇಷ ಸೂಚನೆ: ಸಾಕಷ್ಟು ವಿಡಿಯೊ ಮೆಮೊರಿ ಇದ್ದೂ "ವಿಡಿಯೊ ಮೆಮೊರಿ ಸಾಲದು" ಎಂದು ಆಟ ಮುಚ್ಚಿಕೊಂಡರೆ ತಪ್ಪು ಕಾರ್ಡಿನದಲ್ಲದೆ ಪ್ರೊಸೆಸರ್‌ನದಿರಬಹುದು. ಆ ಚಿಪ್‌ಗಳಲ್ಲಿನ ವೋಲ್ಟೇಜ್ ತೊಂದರೆಗೆ ಇಂಟೆಲ್ 2024ರಲ್ಲಿ ಮೈಕ್ರೊಕೋಡ್ (ಚಿಪ್‌ನೊಳಗಿನ ಮೂಲ ಆಜ್ಞೆಗಳ) ತಿದ್ದುಪಡಿ ಕೊಟ್ಟಿತು, ತೊಂದರೆಗೆ ಒಳಗಾಗಬಹುದಾದ ಮಾದರಿಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಬಯೋಸ್ ನವೀಕರಿಸಿದರೆ ತಿದ್ದುಪಡಿ ಬರುತ್ತದೆ. ಈಗಾಗಲೇ ಹಾಳಾದ ಚಿಪ್ ಅದರಿಂದ ಸರಿಹೋಗುವುದಿಲ್ಲ, ವಾರಂಟಿಯಲ್ಲಿ ಬದಲಿಸಿಕೊಳ್ಳಿ.

## ಲಕ್ಷಣ: ಅಂಕಿಗಳೆಲ್ಲ ಚೆನ್ನಾಗಿವೆ, ಆಡಲು ಮಾತ್ರ ಚೆನ್ನಾಗಿಲ್ಲ

ಚಿತ್ರ ಅಡ್ಡಲಾಗಿ ಹರಿದಂತೆ ಕಂಡರೆ ಮಾನಿಟರ್‌ನ ದರವನ್ನು ಫ್ರೇಮ್‌ಗಳಿಗೆ ಹೊಂದಿಸುವ ಫ್ರೀಸಿಂಕ್ ಅಥವಾ ಜಿ-ಸಿಂಕ್ ಆನ್ ಮಾಡಿ. ಎದುರಾಳಿಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೆಗೆದಂತೆ ಕಾಣುವುದು, ನೀವು ಮುಂದೆ ಹೋಗಿ ಮತ್ತೆ ಹಿಂದಕ್ಕೆ ಸೆಳೆಯಲ್ಪಡುವುದು ಇಂಟರ್‌ನೆಟ್ ಸಂಪರ್ಕದ ತೊಂದರೆ. ವೈಫೈ ಬಿಟ್ಟು ಕೇಬಲ್‌ನಲ್ಲಿ ಆಡಿ ನೋಡಿ. ಯಾವ ಕಾರ್ಡೂ ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ) ಇಳಿಸುವುದಿಲ್ಲ.

## ಲ್ಯಾಪ್‌ಟಾಪ್ ಆದರೆ

ಚಾರ್ಜರ್ ಸಿಕ್ಕಿಸಿಯೇ ಆಡಿ. ಬ್ಯಾಟರಿಯ ಮೇಲೆ ಚಿಪ್‌ಗಳಿಗೆ ಪೂರ್ತಿ ಶಕ್ತಿ ಸಿಗುವುದಿಲ್ಲ. ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಗ್ರಾಫಿಕ್ಸ್ ಚಿಪ್ ಮತ್ತು ಪ್ರೊಸೆಸರ್ ಬೋರ್ಡಿಗೆ ಬೆಸೆದಿರುತ್ತವೆ, ಬದಲಿಸಲಾಗದು. ರ‍್ಯಾಮ್ ಮತ್ತು ಎಸ್‌ಎಸ್‌ಡಿಯ ಮಟ್ಟಿಗೆ ಮಾದರಿಯನ್ನು ನೋಡಿಯೇ ಹೇಳಬೇಕು. ಸ್ಲಾಟ್ ಖಾಲಿ ಇದ್ದರೆ ಎರಡನೆಯ ರ‍್ಯಾಮ್ ಸೇರಿಸುವುದು ಲ್ಯಾಪ್‌ಟಾಪ್‌ಗೆ ಮಾಡಬಹುದಾದ ಅತ್ಯಂತ ಒಳ್ಳೆಯ ಉಪಕಾರ. ಬ್ಯಾಟರಿ ಉಬ್ಬಿ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಆಟದ ಮಾತು ಬಿಡಿ, ಬಳಕೆ ನಿಲ್ಲಿಸಿ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ.

## ಕೈ ಹಾಕುವ ಮುನ್ನ, ಕೈ ಹಾಕಿದ ಮೇಲೆ

ಒಳಗಿನ ಯಾವ ಭಾಗ ಮುಟ್ಟುವುದಕ್ಕೂ ಮೊದಲು ಯಂತ್ರ ಆರಿಸಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹವನ್ನು ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ ಹರಿದುಹೋಗಲು ಬಿಡಿ. ರ‍್ಯಾಮ್ ಕೂರಿಸುವಾಗ ಎರಡೂ ತುದಿಗಳನ್ನು ಸಮನಾಗಿ ಒತ್ತಿ, ಕೊಂಡಿ ಟಕ್ ಎಂದು ತಾನಾಗಿಯೇ ಮುಚ್ಚಿಕೊಳ್ಳಬೇಕು. ಗ್ರಾಫಿಕ್ಸ್ ಕಾರ್ಡ್ ತೆಗೆಯುವಾಗ ಸ್ಲಾಟ್‌ನ ತುದಿಯಲ್ಲಿರುವ ಕೊಂಡಿಯನ್ನು ಒತ್ತಿ ಹಿಡಿದೇ ಎಳೆಯಿರಿ. ಪ್ರೊಸೆಸರ್ ಸಾಕೆಟ್‌ನ ಪಿನ್ ಬಾಗಿದ್ದು ಕಂಡರೆ ನೀವೇ ನೆಟ್ಟಗೆ ಮಾಡಲು ಹೋಗಬೇಡಿ, ತಿಳಿದವರಿಗೆ ತೋರಿಸಿ.

ಹೊಸ ಭಾಗ ಕೂರಿಸಿ ಯಂತ್ರ ಶುರುವಾದ ಮೇಲೆ ಮೊದಲು ಬರೆದಿಟ್ಟ ಹಾಳೆ ತೆಗೆಯಿರಿ. ಅದೇ ಆಟ, ಅದೇ ಜಾಗ, ಅದೇ ದಾರಿಯಲ್ಲಿ ಐದು ನಿಮಿಷ ಓಡಾಡಿ, ಹಳೆಯ ಅಂಕಿಗಳ ಪಕ್ಕದಲ್ಲಿ ಹೊಸವನ್ನು ಬರೆಯಿರಿ. ಕಾಯಿಸುತ್ತಿದ್ದ ಭಾಗ ಹೋಗಿದ್ದರೆ ಈಗ ಕಾಯಿಸುವ ಸರದಿ ಇನ್ನೊಂದು ಭಾಗದ್ದಾಗಿರಬಹುದು. ಫ್ರೇಮ್ ಟೈಮ್‌ನ ಗೆರೆ ನೆಟ್ಟಗಾಗಿ, ಸಂಖ್ಯೆ ನಿಮ್ಮ ಮಾನಿಟರ್‌ನ ದರವನ್ನು ಮುಟ್ಟಿದ್ದರೆ ಅಲ್ಲಿಗೆ ಖರ್ಚು ನಿಲ್ಲಿಸಿ. ಅಂಕಿಗಳು ಕದಲಿಲ್ಲವಾದರೆ ಕೊಂಡ ಭಾಗದ ಪೆಟ್ಟಿಗೆ ಮತ್ತು ರಸೀದಿಯನ್ನು ಎಸೆಯದೆ ಇಟ್ಟುಕೊಂಡು, ಖರ್ಚಿಲ್ಲದ ಐದು ತಪಾಸಣೆಗಳಿಂದ ಮತ್ತೆ ಶುರು ಮಾಡಿ.